ಬಿಡಿ ಮಾತಿಗೊಂದು ಸ್ಥಲ

ಹಳೆಯ ಮನೆಗಳ ನಡುಮನೆಯ ಗೋಡೆಯಲ್ಲಿ ಒಂದು ಮೊಳೆ. ಮೊಳೆಗೆ ತೂಗುಹಾಕಿದ ಒಂದು ಕೊಕ್ಕೆಯ ತಂತಿ. ತಂತಿಯ ತುಂಬ ಚುಚ್ಚಿದ ಕಾಗದಗಳು. ಈ ನೋಟವನ್ನು ಕಾಣದ ಹಿರಿಯರು ವಿರಳ. ಬಂಧುಗಳ ಕ್ಷೇಮಸಮಾಚಾರ, ಕಂದಾಯದ ರಸೀತಿ, ಲಗ್ನಪತ್ರಿಕೆ, ವೈದ್ಯರು ಬರೆದುಕೊಟ್ಟ ಔಷಧದ ಚೀಟಿ, ದಿನಸಿ ಅಂಗಡಿಯ ಲೆಕ್ಕ, ಇವೆಲ್ಲಕ್ಕೂ ಅದೊಂದೇ ಆಶ್ರಯ. ತಂತಿಗೆ ಒಂದು ಮಹಾಗುಣವಿತ್ತು: ಅದು ಯಾವುದನ್ನೂ ಕಳೆಯುತ್ತಿರಲಿಲ್ಲ. ಅಷ್ಟೇ ದೊಡ್ಡದಾದ ಒಂದು ದೋಷವೂ ಇತ್ತು: ಬೇಕಾದದ್ದನ್ನು ಬೇಕಾದ ಹೊತ್ತಿಗೆ ಕೊಡುತ್ತಿರಲಿಲ್ಲ. ಅದು ಬಲ್ಲ ಕ್ರಮ ಒಂದೇ, ಕಾಲಕ್ರಮ. ಮೊದಲು ಬಂದದ್ದು ತಳಕ್ಕೆ, ಕೊನೆಗೆ ಬಂದದ್ದು ಮೇಲಕ್ಕೆ. ಮೂರು ವರ್ಷದ ಹಿಂದಿನ ರಸೀತಿ ಬೇಕೆಂದರೆ ಮೂರು ವರ್ಷಗಳ ಸಂಸಾರವನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಬೇಕು.

ಇಂದು ಆ ತಂತಿ ಗೋಡೆಯಿಂದ ಇಳಿದು ಜೇಬಿಗೆ ಬಂದಿದೆ. ಕರಿಹಲಗೆಯ ಛಾಯಾಚಿತ್ರ, ತನಗೆ ತಾನೇ ಕಳುಹಿಸಿಕೊಂಡ ಸಂದೇಶ, ಯಾರೋ ಕಳುಹಿಸಿದ ಲೇಖನ, ಬಸ್ಸಿನಲ್ಲಿ ಹೊಳೆದ ಒಂದು ವಾಕ್ಯ, ಅಡುಗೆಯ ಒಂದು ವಿಧಾನ, ಗಣಕಯಂತ್ರಕ್ಕೆ ಬರೆದ ನಾಲ್ಕು ಸಾಲಿನ ಕೋಡು, ಎಲ್ಲವನ್ನೂ ಮೊಬೈಲು ನುಂಗಿ ಇಟ್ಟುಕೊಳ್ಳುತ್ತದೆ. ಆದರೆ ಅದೂ ಕಾಲಕ್ರಮದ ಭಕ್ತನೇ. ನಿನ್ನೆಯದು ಮೇಲೆ, ಮೊನ್ನೆಯದು ಕೆಳಗೆ, ಹೋದ ವರ್ಷದ್ದು ಪಾತಾಳದಲ್ಲಿ. ಹೀಗೆ ಸಂಗ್ರಹಿಸಿದವರಿಗೆ ಸಂಗ್ರಹವಿದೆಯೆಂಬ ಸಮಾಧಾನ ಉಂಟು. ಅದರ ಪ್ರಯೋಜನ ಮಾತ್ರ ಇಲ್ಲ.

ಗುಬ್ಬಿಯ ಕಡೆಯಿಂದ ದಿನವೂ ತುಮಕೂರಿಗೆ ಬಂದು ಕನ್ನಡ ಎಂ.ಎ. ಓದುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಬಹುದು. ತೆಂಗಿನ ತೋಟದ ಮಾತುಗಳನ್ನು ಸಂಗ್ರಹಿಸಿ ಒಂದು ಪ್ರಬಂಧ ಬರೆಯಬೇಕೆಂದು ಆಕೆಯ ಸಂಕಲ್ಪ. ವಿಷಯ ಮನೆಯ ಬಾಗಿಲಲ್ಲೇ ಇದೆ. ಹೊಂಬಾಳೆ, ಗರಿ, ಮಟ್ಟೆ, ನಾರು, ಕರಟ, ಗಿಟುಕು ಮುಂತಾದ ಶಬ್ದಗಳ ಭಂಡಾರವೇ ಆಗಿರುವ ಅಜ್ಜಿ ಜಗಲಿಯ ಮೇಲೆ ಕುಳಿತಿದ್ದಾಳೆ. ಮೊಮ್ಮಗಳು ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ತಿಂಗಳು ಕಳೆದ ಮೇಲೆ ಮತ್ತೆ ಅದನ್ನೇ ಕೇಳುತ್ತಾಳೆ.

"ಏನೇ ಮಗಳೇ, ಹೋದ ಸಲವೂ ಇದನ್ನೇ ಕೇಳಿದ್ದೆಯಲ್ಲ, ಬರೆದುಕೊಳ್ಳಲಿಲ್ಲವೇನೇ?"

"ಬರೆದುಕೊಂಡಿದ್ದೆ ಅಜ್ಜಿ. ಎಲ್ಲಿ ಬರೆದೆ ಅನ್ನೋದೇ ಸಿಕ್ತಾ ಇಲ್ಲ."

ಅಜ್ಜಿ ನಕ್ಕು ಮತ್ತೊಮ್ಮೆ ಹೇಳಬಹುದು. ಆದರೆ ಎಷ್ಟು ಸಲ? ಹೇಳುವವರು ಇರುವವರೆಗೆ ಕಳೆದುಹೋದ ಚೀಟಿ ಒಂದು ನಗೆಯ ವಿಷಯ. ಅವರಿಲ್ಲದ ಮೇಲೆ ಅದೇ ತುಂಬಲಾರದ ನಷ್ಟ. ಚೀಟಿಗಳನ್ನು ಒಪ್ಪವಾಗಿಡುವುದು ಅಚ್ಚುಕಟ್ಟಿನ ಚಪಲಕ್ಕೆ ಸೇರಿದ ಸಣ್ಣ ಮಾತಲ್ಲವೆಂಬುದು ಆಗ ತಿಳಿಯುತ್ತದೆ.

ಸೋಜಿಗದ ಸಂಗತಿಯೆಂದರೆ, ಬಿಡಿ ಬರಹಗಳನ್ನು ಹೇಗೆ ಕಾಯಬೇಕು, ಹೇಗೆ ಜೋಡಿಸಬೇಕು, ಜೋಡಿಸಿದ್ದನ್ನು ಹೇಗೆ ಹೊಸದೊಂದು ಬರಹವಾಗಿ ಕಟ್ಟಬೇಕು ಎಂಬ ಪ್ರಶ್ನೆಗೆ ಇದೇ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆಯಲ್ಲಿ ಶತಮಾನಗಳ ಹಿಂದೆಯೇ ಒಂದು ಉತ್ತರ ಸಿದ್ಧವಾಗಿತ್ತು. ತುಮಕೂರಿನಿಂದ ಕುಣಿಗಲ್ಲಿನ ದಾರಿ ಹಿಡಿದರೆ ಮೊದಲು ಸಿಕ್ಕುವುದು ಗೂಳೂರು. ಇಂದು ಅದು ಮಣ್ಣಿನ ಮಹಾಗಣಪನಿಗೆ ಹೆಸರಾದ ಊರು. ಕನ್ನಡ ಸಾಹಿತ್ಯ ಬಲ್ಲವರಿಗೆ ಅದರ ಜೊತೆಗೆ ನೆನಪಾಗುವ ಹೆಸರು ಗೂಳೂರು ಸಿದ್ಧವೀರಣ್ಣೊಡೆಯರದು. ಕುಣಿಗಲ್ ತಾಲೂಕಿನಲ್ಲಿಯೇ ಇರುವ ಎಡೆಯೂರು ತೋಂಟದ ಸಿದ್ಧಲಿಂಗ ಯತಿಗಳ ನೆಲೆ. ಇತ್ತ ಗುಬ್ಬಿಯಲ್ಲಿ 'ಗಣಭಾಷ್ಯ ರತ್ನಮಾಲೆ'ಯ ಮಲ್ಲಣ್ಣ. 'ಭಾವಚಿಂತಾರತ್ನ'ದ ಕವಿಯಾದ ಮಲ್ಲಣಾರ್ಯನೂ ಗುಬ್ಬಿಯವನೇ. ಒಂದು ದಿನದ ಪಯಣದಲ್ಲಿ ಸುತ್ತಿ ಬರಬಹುದಾದ ಈ ಊರುಗಳು ಒಂದು ಕಾಲದಲ್ಲಿ ವಚನಗಳ ಸಂಗ್ರಹ, ಸಂಕಲನ, ಸಂಪಾದನೆಗಳ ಕಾರ್ಯಾಗಾರಗಳಂತೆ ಇದ್ದುವು.

ವಚನವೆಂದರೆ ಏನು? ಅದರ ಧರ್ಮವನ್ನೂ ತತ್ತ್ವವನ್ನೂ ಒಂದು ಕ್ಷಣ ಬದಿಗಿಟ್ಟು ಅದರ ಆಕಾರವನ್ನು ಮಾತ್ರ ನೋಡೋಣ. ಅದು ಚಿಕ್ಕದು, ಕೆಲವು ಸಾಲುಗಳಲ್ಲಿ ಮುಗಿಯುತ್ತದೆ. ಅದು ಸ್ವತಂತ್ರವಾದುದು, ಹಿಂದಿನ ವಚನವನ್ನು ಓದದೆಯೂ ಈ ವಚನವನ್ನು ಓದಬಹುದು. ಅದಕ್ಕೆ ತನ್ನದೇ ಆದ ಮುದ್ರೆ ಉಂಟು. ಕೊನೆಯಲ್ಲಿ ಬರುವ ಅಂಕಿತದಿಂದ ಅದು ಯಾರದೆಂದು ತಿಳಿಯುತ್ತದೆ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. 12ನೆಯ ಶತಮಾನದ ಈ ಬಿಡಿಮಾತುಗಳು ಓಲೆಗರಿಗಳ ಮೇಲೆ ಊರಿಂದೂರಿಗೆ ಚದುರಿದರೂ ಅನಾಥವಾಗದೆ ಉಳಿದುದಕ್ಕೆ ಅಂಕಿತವೂ ಒಂದು ಬಲವಾದ ಕಾರಣ.

ವಚನಗಳು ಸಾವಿರಗಟ್ಟಲೆ ಇದ್ದುವು. ಅವನ್ನು ಓದುವವನಿಗೆ ದಾರಿ ಬೇಡವೆ? ಅದಕ್ಕಾಗಿ ಸಂಕಲನಕಾರರು ಸ್ಥಲಗಳ ಕ್ರಮವನ್ನು ಹಿಡಿದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಸಾಧಕನು ಏರತಕ್ಕ ಮೆಟ್ಟಿಲುಗಳು. ಅವೇ ವಚನಗಳನ್ನು ಜೋಡಿಸುವ ಶೀರ್ಷಿಕೆಗಳೂ ಆದುವು. ಆರು ಸಾಲದೆಂದು ತೋರಿದಾಗ ಒಳವಿಭಾಗಗಳನ್ನು ಮಾಡಿ ನೂರೊಂದು ಸ್ಥಲಗಳವರೆಗೆ ಬೆಳೆಸಿದರು. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲಾಗಿ ಈ ಕೆಲಸ ಭರದಿಂದ ನಡೆಯಿತು. ಅದೇ ಪರಂಪರೆಯಲ್ಲಿ ಬಂದ ತೋಂಟದ ಸಿದ್ಧಲಿಂಗರು 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ ತಮ್ಮ 701 ವಚನಗಳನ್ನು ಸ್ಥಲಾನುಕ್ರಮದಲ್ಲಿಯೇ ನಿಲ್ಲಿಸಿದರು. ಅವರ ಅಂಕಿತ 'ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು'.

ಅವರ ಶಿಷ್ಯಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಮಾಡಿದ್ದು ಇನ್ನೂ ಮುಂದಿನ ಹೆಜ್ಜೆ. 'ಶೂನ್ಯಸಂಪಾದನೆ' ಎಂಬ ಗ್ರಂಥವನ್ನು ನಾಲ್ವರು ನಾಲ್ಕು ಬಾರಿ ಕಟ್ಟಿದರು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಿಗರು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ ನಡುವಿನವರು. ಗೂಳೂರಿನ ಸಿದ್ಧವೀರಣ್ಣೊಡೆಯರು ಕೊನೆಯವರು. ಸುಮಾರು ಒಂದೂವರೆ ಸಾವಿರ ವಚನಗಳನ್ನು ಆಯ್ದು ಅವರು ಸಂವಾದದ ರೂಪದಲ್ಲಿ ಜೋಡಿಸಿದರು. ಅಲ್ಲಮಪ್ರಭು ಪ್ರಶ್ನಿಸುತ್ತಾನೆ, ಸಿದ್ಧರಾಮ ಉತ್ತರಿಸುತ್ತಾನೆ. ಅಕ್ಕಮಹಾದೇವಿ ಅನುಭವಮಂಟಪಕ್ಕೆ ಬಂದು ನಿಲ್ಲುತ್ತಾಳೆ. ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಜಾಗದಲ್ಲಿ ಹುಟ್ಟಿದ ಮಾತುಗಳು ಒಂದೇ ಸಭೆಯಲ್ಲಿ ಎದುರುಬದುರಾಗಿ ಕುಳಿತಂತೆ ಕಾಣುತ್ತವೆ. ನಡುನಡುವೆ ಸಂಪಾದಕನ ಗದ್ಯ ಹೊಲಿಗೆಯ ದಾರದಂತೆ ಓಡುತ್ತದೆ. ಒಂದೇ ಗಂಟಿನ ಮುತ್ತುಗಳಿಂದ ನಾಲ್ವರು ನಾಲ್ಕು ಹಾರ ಪೋಣಿಸಿದರೆಂದರೆ ತಪ್ಪಾಗದು. ಮುತ್ತು ಹಳೆಯದೇ, ಪೋಣಿಕೆಯೇ ಕೃತಿ.

ಈ ಕೆಲಸದೊಳಗೆ ಮೂರು ತತ್ತ್ವಗಳಿವೆ. ಒಂದೊಂದು ಮಾತೂ ಬಿಡಿಯಾಗಿ ನಿಲ್ಲುವಷ್ಟು ಚಿಕ್ಕದಾಗಿರಬೇಕು. ಅದಕ್ಕೆ ಅಂಕಿತವಿರಬೇಕು. ಅದು ಎಲ್ಲಿ ಸಲ್ಲುತ್ತದೆಂಬ ಸ್ಥಲದ ಗುರುತಿರಬೇಕು. ಇಷ್ಟಿದ್ದರೆ ಅದನ್ನು ಎಷ್ಟು ಸಲವಾದರೂ ಬಿಚ್ಚಿ ಎಷ್ಟು ಬಗೆಯಾಗಿಯಾದರೂ ಕಟ್ಟಬಹುದು.

ಮುಂದಿನ ಕಾಲದವರೂ ಇದೇ ದಾರಿಯಲ್ಲಿ ನಡೆದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ಓಲೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದಾಗ ವಿಷಯಾನುಸಾರವಾಗಿ ವಚನಗಳನ್ನು ವಿಂಗಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಮಹಾನಿಘಂಟು ಕೂಡ ಚೀಟಿಯ ತಳಹದಿಯ ಮೇಲೆ ಎದ್ದ ಸೌಧವೇ. ಶಬ್ದ, ಅದು ಬಂದ ವಾಕ್ಯ, ಆ ವಾಕ್ಯದ ಆಕರ ಇವನ್ನು ಬರೆದ ಚೀಟಿಗಳನ್ನು ಅಕಾರಾದಿಯಾಗಿ ಅಣಿಗೊಳಿಸಿ, ಪ್ರಧಾನ ಸಂಪಾದಕ ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದಶಕಗಳ ಕಾಲ ದುಡಿದ ಫಲ ಅದು. 1990ರ ದಶಕದಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿತು. ಅನಂತರ ಒಂದು ಉತ್ಸಾಹಿ ತಂಡ 'ವಚನ ಸಂಚಯ' ಎಂಬ ಜಾಲತಾಣವನ್ನು ಕಟ್ಟಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಶಬ್ದಶಬ್ದವಾಗಿ ಹುಡುಕುವಂತೆ ಮಾಡಿದೆ. ಒಂದು ಶಬ್ದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಕಾಣುತ್ತದೆ. ಹಿಂದೆ ಇದಕ್ಕೆ ಒಬ್ಬ ವಿದ್ವಾಂಸನ ಅರ್ಧ ಆಯುಷ್ಯ ಬೇಕಾಗುತ್ತಿತ್ತು.

ಹೊರಗಿನ ಜಗತ್ತಿನಲ್ಲಿಯೂ ಇದೇ ತಹತಹ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90 ಸಾವಿರ ಚೀಟಿಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಒಂದರಿಂದ ಒಂದಕ್ಕೆ ಅಂಕಿಗಳ ಕೊಂಡಿ ಹಾಕಿ, ಅದರ ಬಲದಿಂದ ಗ್ರಂಥದ ಮೇಲೆ ಗ್ರಂಥ ಬರೆದನು. ಅಮೆರಿಕದ ವ್ಯಾನೆವರ್ ಬುಷ್ 1945ರಲ್ಲಿಯೇ ಬರಹಗಳ ನಡುವೆ ಜಾಡುಗಳನ್ನು ಮೂಡಿಸುವ 'ಮೆಮೆಕ್ಸ್' ಎಂಬ ಯಂತ್ರವನ್ನು ಕಲ್ಪಿಸಿಕೊಂಡನು. 1965ರಲ್ಲಿ ಟೆಡ್ ನೆಲ್ಸನ್ ಅಂಥ ಕೊಂಡಿಗಳ ಬರಹಕ್ಕೆ 'ಹೈಪರ್‌ಟೆಕ್ಸ್ಟ್' ಎಂಬ ಹೆಸರಿಟ್ಟನು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ತಾಣವನ್ನು ತೆರೆದು, ಹವಾಯಿ ದ್ವೀಪದ ನುಡಿಯಲ್ಲಿ 'ಬೇಗ ಬೇಗ' ಎಂಬರ್ಥದ 'ವಿಕಿ ವಿಕಿ' ಎಂಬ ಮಾತನ್ನು ಅದಕ್ಕೆ ಕೊಟ್ಟನು. ಹೊನೊಲುಲು ವಿಮಾನನಿಲ್ದಾಣದ ಬಸ್ಸಿಗೆ ಇದ್ದ ಹೆಸರು ಅದು. ಆ ಬೀಜವೇ 2001ರಲ್ಲಿ ವಿಕಿಪೀಡಿಯವಾಗಿ ಮೊಳೆತು, 2003ರಲ್ಲಿ ಕನ್ನಡಕ್ಕೂ ಬಂದಿತು.

ವಿಕಿಪೀಡಿಯ ಊರಿನ ಕೆರೆಯಾದರೆ, ಮನೆಯ ಹಿತ್ತಿಲಿನ ಬಾವಿಯಂಥದೂ ಒಂದು ಬೇಕಲ್ಲವೆ? 2004ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಜೆರೆಮಿ ರಸ್ಟನ್ ಅಂಥದನ್ನು ತೋಡಿದನು. ಅದರ ಹೆಸರು ಟಿಡ್ಲಿವಿಕಿ. ಟಿಡ್ಲರ್ ಎಂದರೆ ಅಲ್ಲಿನವರ ಮಾತಿನಲ್ಲಿ ಹಳ್ಳದ ಪುಟ್ಟ ಮೀನು. ಈ ಸಾಧನದಲ್ಲಿ ಒಂದೊಂದು ಟಿಪ್ಪಣಿಯೂ ಒಂದು ಮರಿಮೀನು. ಇಡೀ ಸಾಧನ ಒಂದೇ ಒಂದು ಕಡತ. ಬೆಲೆಯಿಲ್ಲ, ಬೇರೆ ತಂತ್ರಾಂಶವನ್ನು ಅಳವಡಿಸಬೇಕಾಗಿಲ್ಲ, ಕಡತವನ್ನು ಒಮ್ಮೆ ತಂದಿಟ್ಟುಕೊಂಡರೆ ಮತ್ತೆ ಅಂತರಜಾಲದ ಹಂಗೂ ಇಲ್ಲ. ಎಲ್ಲ ಗಣಕಗಳಲ್ಲಿಯೂ ಇರುವ ಬ್ರೌಸರಿನಲ್ಲಿ ತೆರೆದರೆ ಬರೆಯುವ ಹಲಗೆಯೂ ಅದೇ, ಬರೆದುದನ್ನು ಇಡುವ ಪೆಟ್ಟಿಗೆಯೂ ಅದೇ, ಹುಡುಕುವ ಸೂಚಿಯೂ ಅದೇ. ಕೆಲವೇ ಮೆಗಾಬೈಟುಗಳ ಗಾತ್ರವಾದುದರಿಂದ ಕಿರುಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಗುಬ್ಬಿಯಿಂದ ತುಮಕೂರಿಗೆ ಹೊತ್ತು ತರಬಹುದು.

ಈಗ ಆ ವಿದ್ಯಾರ್ಥಿನಿಯ ಬಳಿಗೆ ಮರಳಬಹುದು. ಅಜ್ಜಿ ಹೇಳಿದ ಒಂದೊಂದು ಶಬ್ದಕ್ಕೂ ಆಕೆ ಒಂದೊಂದು ಟಿಪ್ಪಣಿ ತೆರೆಯತಕ್ಕದ್ದು. ಶೀರ್ಷಿಕೆ 'ಮಟ್ಟೆ'. ಕೆಳಗೆ ಅರ್ಥ. ಅದರ ಕೆಳಗೆ, ಯಾರು ಹೇಳಿದರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಎಂಬ ವಿವರ. ಬರೆದ ದಿನಾಂಕವನ್ನು ಸಾಧನ ತಾನೇ ಹಾಕಿಕೊಳ್ಳುತ್ತದೆ. ಊರು ಏಕೆ ಬೇಕೆಂದರೆ, 'ಮಟ್ಟೆ' ಎಂಬ ಮಾತು ಒಂದೆಡೆ ಗರಿಯ ದಿಂಡಿಗೂ ಮತ್ತೊಂದೆಡೆ ಕಾಯಿಯ ಹೊರಸಿಪ್ಪೆಗೂ ಸಲ್ಲುವುದುಂಟು. ಹೇಳಿದವರ ಗುರುತಿಲ್ಲದ ಶಬ್ದ ಅಂಕಿತವಿಲ್ಲದ ವಚನದಂತೆ. ಸುಂದರವಾಗಿರಬಹುದು, ಸಾಕ್ಷಿಗೆ ಬಾರದು.

ಬಳಿಕ ಗುರುತುಪಟ್ಟಿಗಳು. 'ಮಟ್ಟೆ'ಗೆ 'ಮರದ ಅಂಗ' ಎಂದೊಂದು ಪಟ್ಟಿ, 'ಉರುವಲು' ಎಂದೊಂದು ಪಟ್ಟಿ, 'ನಾರಿನ ಕಸುಬು' ಎಂದು ಇನ್ನೊಂದು. ಓಲೆಗರಿಯ ಸಂಕಲನಕಾರನಿಗೆ ಇದ್ದ ಒಂದು ಕಷ್ಟ ಇಲ್ಲಿ ನೀಗುತ್ತದೆ. ಒಂದು ವಚನ ಭಕ್ತಸ್ಥಲಕ್ಕೂ ಶರಣಸ್ಥಲಕ್ಕೂ ಸಲ್ಲುವಂತಿದ್ದರೆ ಅವನು ಒಂದನ್ನು ಆರಿಸಬೇಕಾಗಿತ್ತು, ಇಲ್ಲವೆ ಎರಡು ಬಾರಿ ಬರೆಯಬೇಕಾಗಿತ್ತು. ಇಲ್ಲಿ ಟಿಪ್ಪಣಿ ಒಂದೇ. ಮೂರು ಪಟ್ಟಿಗಳಲ್ಲಿ ಯಾವುದನ್ನು ಒತ್ತಿದರೂ ಅದು ಎದುರಿಗೆ ಬಂದು ನಿಲ್ಲುತ್ತದೆ.

ಮೂರನೆಯದು ಕೊಂಡಿ. ಒಂದು ಟಿಪ್ಪಣಿಯೊಳಗೆ ಮತ್ತೊಂದರ ಶೀರ್ಷಿಕೆಯನ್ನು ಜೋಡಿ ಚೌಕಕಂಸಗಳ ನಡುವೆ ಬರೆದರೆ ಅದು ಬಾಗಿಲಾಗುತ್ತದೆ. ಇನ್ನೂ ಬರೆಯದ ಟಿಪ್ಪಣಿಗೂ ಹೀಗೆ ಕೊಂಡಿ ಹಾಕಬಹುದು. ಆಗ ಆ ಹೆಸರು ಓರೆ ಅಕ್ಷರಗಳಲ್ಲಿ ಕಾಣಿಸಿಕೊಂಡು, 'ಇದನ್ನು ಬರೆಯುವುದು ಬಾಕಿಯಿದೆ' ಎಂದು ನೆನಪಿಸುತ್ತದೆ. ಮುಂದಿನ ಭಾನುವಾರ ಅಜ್ಜಿಯನ್ನು ಏನು ಕೇಳಬೇಕೆಂಬ ಪಟ್ಟಿ ಹೀಗೆ ತಾನಾಗಿ ಸಿದ್ಧವಾಗುತ್ತದೆ.

ಶಬ್ದಗಳು ನೂರಾದುವು, ಅಕಾರಾದಿಯಾಗಿ ಜೋಡಿಸಬೇಕು. ಕುಣಿಗಲ್ಲಿನಿಂದ ಬಂದು ತುಮಕೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕವಿಜ್ಞಾನ ಓದುವ ಗೆಳತಿಯೊಬ್ಬಳು ಐದಾರು ಸಾಲಿನ ಕೋಡು ಬರೆದುಕೊಟ್ಟಳೆನ್ನೋಣ. ಯಂತ್ರ ಜೋಡಿಸಿತು, ಆದರೆ 'ಬಾಳೆ' ಮೊದಲು ಬಂದು 'ಬಾವಿ' ಅನಂತರ ಬಂದಿತು! ಕನ್ನಡದ ವರ್ಣಮಾಲೆಯಲ್ಲಿ ಳಕಾರ ಹಕಾರದ ಅನಂತರ ಬರತಕ್ಕದ್ದೆಂದು ಬಾಲಪಾಠ ಓದಿದ ಮಗುವಿಗೂ ಗೊತ್ತು. ಯಂತ್ರಕ್ಕೇಕೆ ಗೊತ್ತಿಲ್ಲ? ಕಾರಣ ಇಷ್ಟೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಸಾಲು ಮೀಸಲಾಗಿದೆ. ಭಾರತದ ಲಿಪಿಗಳೆಲ್ಲ ಸಾಲುಸಾಲಾಗಿ ಹೊಂದಿಕೊಳ್ಳಲೆಂದು ಹಿಂದೆ ಮಾಡಿದ್ದ ಏರ್ಪಾಡನ್ನೇ ಅಲ್ಲಿಯೂ ಅನುಸರಿಸಿದ್ದರಿಂದ ಳಕಾರ ಲಕಾರದ ಪಕ್ಕದ ಮನೆಯಲ್ಲಿ ಕುಳಿತಿದೆ. ಸಂಖ್ಯೆಯನ್ನಷ್ಟೇ ನೋಡುವ ಯಂತ್ರ 'ಬಾಳೆ'ಯನ್ನು ಮುಂದಕ್ಕೆ ತಳ್ಳುತ್ತದೆ. ಭಾಷೆಯ ಕ್ರಮವನ್ನು ಬಲ್ಲ ವಿಂಗಡಣೆಯನ್ನು ಬಳಸಿದರೆ, ಇಲ್ಲವೆ ಅಕ್ಷರಗಳ ಕ್ರಮವನ್ನು ಕೈಯಾರೆ ಬರೆದುಕೊಟ್ಟರೆ ದೋಷ ನೀಗುತ್ತದೆ.

ತಿದ್ದಿದ ಆ ಕೋಡಿನ ತುಣುಕನ್ನು ಎಲ್ಲಿಡಬೇಕು? ಶಬ್ದಗಳ ಪಕ್ಕದಲ್ಲಿಯೇ. ಕೀಲಿಮಣೆಯ ಎಡಮೂಲೆಯಲ್ಲಿರುವ ಓರೆಗುರುತನ್ನು ಮೇಲೊಂದು ಸಾಲಿನಲ್ಲಿ ಮೂರು ಸಲ, ಕೆಳಗೊಂದು ಸಾಲಿನಲ್ಲಿ ಮೂರು ಸಲ ಒತ್ತಿ ನಡುವೆ ಕೋಡನ್ನಿಟ್ಟರೆ ಒಂದು ಚುಕ್ಕೆಯೂ ಅಲುಗದಂತೆ ಅದು ಉಳಿಯುತ್ತದೆ. ಆದರೆ ಕೋಡನ್ನಷ್ಟೇ ಇಟ್ಟರೆ ಆರು ತಿಂಗಳ ಮೇಲೆ ಬರೆದವಳಿಗೇ ಅದು ಹಳಗನ್ನಡಕ್ಕಿಂತ ಕಠಿಣವಾಗುತ್ತದೆ. 'ಳಕಾರ ತಪ್ಪಿ ಬಂದಿದ್ದರಿಂದ ಹೀಗೆ ತಿದ್ದಿದೆ. ಬಾವಿ, ಬಾಳೆ ಎಂಬ ಎರಡು ಶಬ್ದಗಳಿಂದ ಪರೀಕ್ಷಿಸಿದೆ. ಬರೆದುಕೊಟ್ಟವಳು ಇಂಥವಳು' ಎಂಬ ಮೂರು ವಾಕ್ಯಗಳು ಜೊತೆಗಿರಬೇಕು. ಕೋಡಿಗೂ ಅಂಕಿತ ಬೇಕು. ಅರ್ಥ ತಿಳಿಯದೆ ನಕಲು ಮಾಡಿದ ಕೋಡು ಪರೀಕ್ಷಕರ ಮೊದಲನೆಯ ಪ್ರಶ್ನೆಗೇ ಕೈಕೊಡುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಕೊನೆಗೆ ಪ್ರಬಂಧ. ಟಿಡ್ಲಿವಿಕಿಯಲ್ಲಿ ಒಂದು ಟಿಪ್ಪಣಿಯನ್ನು ಮತ್ತೊಂದರ ಒಳಗೆ ಹಾಗೆಯೇ ಕಾಣಿಸುವ ಉಪಾಯವುಂಟು. ಶೀರ್ಷಿಕೆಯನ್ನು ಜೋಡಿ ಪುಷ್ಪಕಂಸಗಳಲ್ಲಿ ಬರೆದರೆ ಸಾಕು. ಇದು ನಕಲಲ್ಲ; ಕಿಟಕಿ. ಮೂಲದ ಟಿಪ್ಪಣಿಯನ್ನು ತಿದ್ದಿದರೆ ಪ್ರಬಂಧದಲ್ಲಿಯೂ ತಿದ್ದುಪಡಿ ಕಾಣುತ್ತದೆ. ಶಬ್ದಗಳನ್ನು ಒಮ್ಮೆ ಮರದ ಅಂಗಗಳ ಕ್ರಮದಲ್ಲಿ, ಒಮ್ಮೆ ನೆಡುವುದರಿಂದ ಕೊಬ್ಬರಿಯ ಮಾರಾಟದವರೆಗಿನ ಕೆಲಸಗಳ ಕ್ರಮದಲ್ಲಿ, ಒಮ್ಮೆ ಅಜ್ಜಿಯ ಬದುಕಿನ ಕ್ರಮದಲ್ಲಿ ಜೋಡಿಸಿ ನೋಡಿ, ಯಾವುದು ಹೆಚ್ಚು ಮಾತಾಡುತ್ತದೆಯೋ ಅದನ್ನು ಆರಿಸಿಕೊಳ್ಳಬಹುದು.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದೇ ಕಡತವೆಂಬುದು ಗುಣವೂ ಹೌದು, ಅಪಾಯವೂ ಹೌದು. ಬ್ರೌಸರು ಸಾಮಾನ್ಯವಾಗಿ ಉಳಿಸಿದಾಗಲೆಲ್ಲ ಹೊಸ ಪ್ರತಿಯೊಂದನ್ನು ಇಳಿಸುತ್ತದೆ. ಹತ್ತು ಪ್ರತಿಗಳಲ್ಲಿ ಇತ್ತೀಚಿನದು ಯಾವುದೆಂಬ ಎಚ್ಚರ ಬೇಕು. ಉಳಿಸದೆ ಮುಚ್ಚಿದರೆ ಆ ದಿನದ ಬರಹ ಹೋಯಿತು. ಮೊಬೈಲಿನಲ್ಲಿ ಉಳಿಸುವುದು ಗಣಕದಲ್ಲಿನಷ್ಟು ಸುಲಭವಲ್ಲ. ಹಲವರು ಒಟ್ಟಿಗೆ ಕುಳಿತು ತಿದ್ದತಕ್ಕ ಕೆಲಸಕ್ಕೆ ಈ ಒಂಟಿ ಕಡತ ಹೇಳಿಸಿದ್ದಲ್ಲ. ಒಂದು ಪ್ರತಿ ಗಣಕದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಮನೆಯಲ್ಲಿ ಎಂಬ ನಿಯಮವನ್ನು ವ್ರತದಂತೆ ಪಾಲಿಸಬೇಕು. ಒಂದೇ ಗರಿಯಲ್ಲಿದ್ದ ಎಷ್ಟೋ ಬರಹ ಗೆದ್ದಲಿಗೆ ಆಹಾರವಾಯಿತು. ಪ್ರತಿ ಮಾಡಿಸಿಟ್ಟದ್ದು ಉಳಿಯಿತು.

ಹಾಗಾದರೆ ದೊಡ್ಡ ಸಂಸ್ಥೆಗಳು ಬಿಟ್ಟಿಯಾಗಿ ಕೊಡುವ ಸೇವೆಗಳಲ್ಲಿಯೇ ಎಲ್ಲವನ್ನೂ ಇಡಬಾರದೆ ಎಂದು ಕೇಳಬಹುದು. ಇಡಬಹುದು, ಅನುಕೂಲವೂ ಹೆಚ್ಚು. ಆದರೆ 2006ರಲ್ಲಿ ತೆರೆದ ಗೂಗಲ್ ನೋಟ್‌ಬುಕ್ ಎಂಬ ಸೇವೆ 2012ರಲ್ಲಿ ಮುಚ್ಚಿತು. ಬಾಡಿಗೆಯ ಮನೆಯಲ್ಲಿ ಸಾಮಾನು ಕಟ್ಟುವ ಹಗ್ಗ ಯಾವಾಗಲೂ ಕೈಗೆಟುಕುವಂತಿರಬೇಕು. ತನ್ನ ಟಿಪ್ಪಣಿಗಳನ್ನು ಸರಳ ಪಠ್ಯವಾಗಿ ಹೊರತೆಗೆಯುವ ದಾರಿ ಇದೆಯೇ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳತಕ್ಕದ್ದು. ಕನ್ನಡಿಗರಿಗೆ ಈ ಎಚ್ಚರ ಇನ್ನಷ್ಟು ಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಕನ್ನಡ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಪರಿವರ್ತಕಗಳ ನೆರವಿಲ್ಲದೆ ಓದಲಾಗದು, ಹುಡುಕಲಾಗದು. ಯೂನಿಕೋಡಿನಲ್ಲಿ ಬರೆದದ್ದಕ್ಕೆ ಆ ಗತಿಯಿಲ್ಲ.

ಹೆಸರಿಡುವಾಗಲೂ ಕೊಂಚ ನಿಧಾನ ಒಳ್ಳೆಯದು. ಹಳಗನ್ನಡದ ೞಕಾರಕ್ಕೆ ಯೂನಿಕೋಡಿನ ಮೂಲಪಟ್ಟಿಯಲ್ಲಿ 'ಎಫ್‌ಎ' ಎಂಬ ತಪ್ಪು ಹೆಸರು ಬಿದ್ದುಬಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿ ಸುಮ್ಮನಿರಬೇಕಾಯಿತು. ಮನೆಯ ಟಿಪ್ಪಣಿಗೆ ಅಂಥ ಕಟ್ಟುಪಾಡಿಲ್ಲ, ಶೀರ್ಷಿಕೆಯನ್ನು ಬದಲಿಸಬಹುದು. ಆದರೂ ಹಳೆಯ ಹೆಸರನ್ನು ನಂಬಿಕೊಂಡ ಕೊಂಡಿಗಳನ್ನು ಹುಡುಕಿ ತಿದ್ದುವ ಶ್ರಮ ತಪ್ಪದು.

ಎಲ್ಲಕ್ಕಿಂತ ದೊಡ್ಡ ಅಪಾಯ ಮಾತ್ರ ಸಾಧನದಲ್ಲಿಲ್ಲ, ಬಳಸುವವರಲ್ಲಿದೆ. ಪಟ್ಟಿಗಳ ಬಣ್ಣ ಬದಲಿಸುವುದರಲ್ಲಿ, ಶೀರ್ಷಿಕೆಗಳನ್ನು ಒರೆಸಿ ಬರೆಯುವುದರಲ್ಲಿ ವರ್ಷ ಕಳೆದು, ಪ್ರಬಂಧದ ಮೊದಲ ವಾಕ್ಯವೂ ಹುಟ್ಟದಿರುವುದು ಅಪರೂಪವಲ್ಲ. ಪಾತ್ರೆಗಳನ್ನು ಫಳಫಳ ಬೆಳಗಿಟ್ಟು ಒಲೆ ಹಚ್ಚಲು ಮರೆತ ಅಡುಗೆಮನೆ ಅದು. ಗೂಳೂರಿನ ಸಿದ್ಧವೀರಣ್ಣೊಡೆಯರ ಹೆಸರು ನಿಂತದ್ದು ಗರಿಗಳನ್ನು ಚೆನ್ನಾಗಿ ಕಟ್ಟಿಟ್ಟುದರಿಂದಲ್ಲ; ಕಟ್ಟು ಬಿಚ್ಚಿ, ಯಾವ ಮಾತಿಗೆ ಯಾವ ಮಾತು ಎದುರು ನಿಲ್ಲಬೇಕೆಂದು ತೀರ್ಮಾನಿಸಿದ್ದರಿಂದ. ಆ ತೀರ್ಮಾನವನ್ನು ಯಾವ ಯಂತ್ರವೂ ಮನುಷ್ಯನ ಪರವಾಗಿ ಹೊರಲಾರದು.

ಈ ಏರ್ಪಾಡು ವಿದ್ಯಾರ್ಥಿಗಳಿಗೇ ಮೀಸಲೇನೂ ಅಲ್ಲ. ಮಕ್ಕಳ ಲಸಿಕೆಯ ದಿನಾಂಕಗಳು, ಹಿರಿಯರು ಸೇವಿಸುವ ಔಷಧಗಳು, ಜಮೀನಿನ ಸರ್ವೆ ನಂಬರು, ಹಬ್ಬದ ಅಡುಗೆಯ ಅಳತೆ, ಮನೆತನದ ವಂಶಾವಳಿ, ಇವೆಲ್ಲ ಟಿಪ್ಪಣಿಗಳೇ. ಹತ್ತು ಟಿಪ್ಪಣಿಗಳಿಂದ ಆರಂಭಿಸಿದರೆ ಸಾಕು. ಒಂದು ಸಂಗತಿಗೆ ಒಂದೇ ಟಿಪ್ಪಣಿ. ತಲೆಯಲ್ಲಿ ಸ್ಪಷ್ಟವಾದ ಹೆಸರು. ಬುಡದಲ್ಲಿ ಹೇಳಿದವರ ಹೆಸರು. ಎರಡೋ ಮೂರೋ ಗುರುತುಪಟ್ಟಿ. ಪಟ್ಟಿಗಳು ನೂರೊಂದಾಗುವ ಕಾಲಕ್ಕೆ ಆಗಲಿ. ಶರಣರ ಸಂಪ್ರದಾಯವೂ ಮೊದಲು ಆರರಿಂದಲೇ ಹೊರಟಿತು.

ಕಾಗದದಲ್ಲಿ ಬರೆಯುವವರು ಕಾಗದದಲ್ಲಿಯೇ ಬರೆಯಬಹುದು. ಸಾಧನ ಯಾವುದಾದರೂ ನಿಯಮ ಅದೇ. ಎಡೆಯೂರು, ಗೂಳೂರು, ಗುಬ್ಬಿಗಳ ಆ ಹಿರಿಯರು ಬೇರೆಯವರ ಮಾತುಗಳನ್ನು ಸಾವಿರಗಟ್ಟಲೆ ಬರೆದಿಟ್ಟರು. ಆದರೆ ಒಂದರ ಕೊನೆಯಲ್ಲಿಯೂ ಹೇಳಿದವರ ಅಂಕಿತವನ್ನು ಅಳಿಸಿ ತಮ್ಮದನ್ನು ಹಾಕಲಿಲ್ಲ. ಅವರ ಆ ಪ್ರಾಮಾಣಿಕತೆಯಿಂದಲೇ ಇಂದಿಗೂ ಬಸವಣ್ಣನ ಮಾತು ಬಸವಣ್ಣನದಾಗಿ, ಅಕ್ಕನ ಮಾತು ಅಕ್ಕನದಾಗಿ ಕೇಳುತ್ತದೆ. ತೆಂಗಿನ ತೋಟದ ಒಂದು ಶಬ್ದವೂ ಅದೇ ಗೌರವಕ್ಕೆ ಅರ್ಹವಾದುದು. ಮೊಮ್ಮಗಳ ಪ್ರಬಂಧ ಮುಗಿದ ದಿನ ಪ್ರತಿಯೊಂದು ಪುಟದಡಿಯಲ್ಲಿ ಅಜ್ಜಿಯ ಹೆಸರು ಇದ್ದರೆ, ಓದುಬರಹ ಬಾರದ ಆ ಮುದುಕಿಯೂ ಕನ್ನಡದ ಗ್ರಂಥಕರ್ತೃಗಳ ಸಾಲಿನಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತಂತಾಯಿತು.